ಅಪ್ಪ ಬೈದದ್ದು ಯಾವ ಮಾತಿನಲ್ಲಿ

ಅಥವಾ ಅಪ್ಪ ಅವತ್ತು ಅಂದದ್ದು ಆ ಮಾತೇ ಅಲ್ಲವೇನೋ. ‘ನಿನ್ ಬಾಯಿಗೆ ಮಣ್ಣಾಕ’ ಎಂದೇ ನನ್ನ ಕಿವಿಯಲ್ಲಿ ಉಳಿದಿದೆ, ಕನ್ನಡದಲ್ಲಿ, ಅಪ್ಪನ ದನಿಯಲ್ಲಿ. ಆದರೆ ನನ್ನ ಕಿವಿ ಎಲ್ಲವನ್ನೂ ಕನ್ನಡದಲ್ಲೇ ಇಟ್ಟುಕೊಳ್ಳುತ್ತದೆ. ಬಸ್ಸಿನಲ್ಲಿ ತೆಲುಗಿನಲ್ಲಿ ಜಗಳವಾಡಿದ ಹೆಂಗಸರು, ಕೆಲಸದ ಜಾಗದಲ್ಲಿ ಇಂಗ್ಲಿಷಿನಲ್ಲಿ ಗದರಿದ ಮೇಲಧಿಕಾರಿ, ಎಲ್ಲರೂ ವರ್ಷ ಕಳೆಯುವುದರೊಳಗೆ ನನ್ನ ನೆನಪಿನಲ್ಲಿ ಕನ್ನಡ ಮಾತಾಡತೊಡಗುತ್ತಾರೆ. ಆದ್ದರಿಂದ ನನ್ನ ಕಿವಿಯನ್ನು ಸಾಕ್ಷಿಗೆ ಕರೆದು ಉಪಯೋಗವಿಲ್ಲ. ಆದರೂ ಅವತ್ತು ಮನೆಯವರೆಂದು ಅಪ್ಪನ ಪಕ್ಕದಲ್ಲಿ ನಿಂತಿದ್ದವಳು ನಾನೊಬ್ಬಳೇ.

ಇದನ್ನೆಲ್ಲ ಈಗ ಕೆದಕಿದ್ದು ಅಕ್ಕನ ಮಗಳು. ರಷ್ಯಾದಲ್ಲಿ ಡಾಕ್ಟರಿಕೆ ಓದಿ ಬಂದಿದ್ದಾಳೆ. ಇಲ್ಲಿನ ಪರೀಕ್ಷೆಗೆ ಓದಿಕೊಳ್ಳುತ್ತ ದೇವನಹಳ್ಳಿಯ ನಮ್ಮ ಮನೆಯಲ್ಲಿದ್ದಾಳೆ. ಒಂದು ಮಧ್ಯಾಹ್ನ ಕುಕ್ಕರ್ ಮುಚ್ಚಳ ಅವಳ ಕಾಲಿನ ಮೇಲೆ ಬಿತ್ತು. ಅವಳ ಬಾಯಿಂದ ಒಂದು ರಷ್ಯನ್ ಪದ ಬಂತು. ಚಿಕ್ಕದು, ಕಲ್ಲಿನ ಮೇಲೆ ಕಲ್ಲು ಬಿದ್ದ ಹಾಗೆ.

‘ಏನೇ ಅಂದೆ?’

‘ಬೇಡ ಬಿಡು ಚಿಕ್ಕಮ್ಮ. ಕನ್ನಡದಲ್ಲಿ ಹೇಳಿದ್ರೆ ನೀನು ನನಗೆ ಅನ್ನ ಹಾಕಲ್ಲ.’

‘ಅಂಥದ್ದನ್ನ ಅಷ್ಟು ಸಲೀಸಾಗಿ ಅಂದ್ಯಲ್ಲ.’

‘ನನಗೆ ಅದು ಬರೀ ಸದ್ದು. ನಮ್ಮ ಮಾತಲ್ಲಿ ಅನ್ನು ಅಂದ್ರೆ ನಾಲಿಗೆನೇ ಏಳಲ್ಲ.’

ಕಾಲಿಗೆ ಐಸ್ ಹಿಡಿದುಕೊಂಡು ಕೂತು ಅವಳು ವಿವರಿಸಿದಳು. ಅವಳ ಜೊತೆ ಲಂಡನ್ನಿನ ಹುಡುಗನೊಬ್ಬ ಓದುತ್ತಿದ್ದನಂತೆ. ಬೈಗುಳವನ್ನು ಅವನು ಉಪ್ಪಿನ ಹಾಗೆ ಎಲ್ಲದರ ಮೇಲೂ ಉದುರಿಸುತ್ತಿದ್ದ. ಚಳಿಗೂ ಅದೇ, ಚಹಾಕ್ಕೂ ಅದೇ, ಪಾಸಾದ ಖುಷಿಗೂ ಅದೇ. ಯಾರ ಎದುರಿಗೆ ಇದ್ದೇನೆಂಬ ಲೆಕ್ಕವಿಲ್ಲ. ಯಾರೂ ಬೇಜಾರು ಮಾಡಿಕೊಳ್ಳುತ್ತಲೂ ಇರಲಿಲ್ಲ. ರಷ್ಯನ್ನರದು ಬೇರೆ. ಅವರ ಬಳಿ ಇರುವುದು ಬೈಗುಳದ ನಾಲ್ಕೈದು ಬೇರುಪದಗಳು. ಅವಕ್ಕೆ ಹಿಂದೊಂದು ಮುಂದೊಂದು ಸೇರಿಸಿ ಹೋದದ್ದು, ಬಂದದ್ದು, ಕೆಟ್ಟದ್ದು, ರಿಪೇರಿಯಾದದ್ದು ಎಲ್ಲವನ್ನೂ ಹೇಳಿಬಿಡಬಲ್ಲರು. ಬಸ್ ಡಿಪೋದ ಗಂಡಸರು ಬೆಳಗಿನಿಂದ ಸಂಜೆಯವರೆಗೆ ಅದರಲ್ಲೇ ಮಾತಾಡುತ್ತಾರೆ. ಮುದುಕಿಯೊಬ್ಬಳು ಒಳಗೆ ಬಂದರೆ ಥಟ್ಟನೆ ನಿಲ್ಲಿಸುತ್ತಾರೆ. ಭಾರ ಇರುವ ಪದಗಳು ಚಿಕ್ಕಮ್ಮ, ಅಂದಳು.

ಆಮೇಲೆ ತನ್ನ ರೂಮಿನಲ್ಲಿದ್ದ ರಷ್ಯನ್ ಹುಡುಗಿಯ ಮಾತು ಬಂತು. ಚಹಾ ಚೆಲ್ಲಿದರೆ, ಬಸ್ಸು ತಪ್ಪಿದರೆ ಆ ಹುಡುಗಿ ಇಂಗ್ಲಿಷಿನಲ್ಲಿ ಬೈದುಕೊಳ್ಳುತ್ತಿದ್ದಳಂತೆ. ಅದೇ ಹೊತ್ತಿಗೆ ನಮ್ಮವಳು ರಷ್ಯನ್ನಿನಲ್ಲಿ. ಇಬ್ಬರಿಗೂ ನಗು. ಒಂದು ದಿನ ಆ ಹುಡುಗಿಗೆ ಊರಿಂದ ಫೋನು ಬಂತು. ಸಾಕಿದ ಅಜ್ಜಿ ತೀರಿಹೋಗಿದ್ದಳು. ಅವಳು ಫೋನನ್ನು ಹಾಸಿಗೆಯ ಮೇಲಿಟ್ಟು ಒಂದೇ ಒಂದು ಪದ ಅಂದಳು, ಮೆಲ್ಲಗೆ, ತನ್ನ ಮಾತಿನಲ್ಲಿ. ನಮ್ಮವಳು ದಿನಕ್ಕೆ ಇಪ್ಪತ್ತು ಸಲ ಅನ್ನುತ್ತಿದ್ದ ಪದವೇ.

‘ಆಮೇಲೆ ನಾನು ಅವಳ ಮುಂದೆ ಅದನ್ನ ಅನ್ನಲಿಲ್ಲ’ ಎಂದಳು. ಕಾಲಿನ ಮೇಲಿನ ಐಸನ್ನು ಆಚೆಗೆ ಸರಿಸಿ, ‘ತಾತ ಜೋರಾಗಿ ಬೈತಿದ್ರಂತಲ್ಲ. ಅಮ್ಮ ಹೇಳ್ತಿದ್ಲು. ಹೆಂಗೆ ಬೈತಿದ್ರು?’

ಅವಳಿಗೆ ಹೇಳಿದ್ದನ್ನೂ ಹೇಳದೆ ಉಳಿಸಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ರೇಷ್ಮೆ ಬೆಳೆಯುತ್ತಿದ್ದ. ಒಂದೂವರೆ ಎಕರೆ ಹಿಪ್ಪುನೇರಳೆ, ಮನೆಯ ಹಿಂದೆ ಹುಳು ಸಾಕುವ ಶೆಡ್ಡು. ಗೂಡು ಕಟ್ಟಿ ಮುಗಿದ ಮೇಲೆ ಬಿಡಿಸಿ ಚೀಲಕ್ಕೆ ತುಂಬಿ ನಮ್ಮ ತಾಲ್ಲೂಕಿನದೇ ಆದ ವಿಜಯಪುರದ ಮಾರುಕಟ್ಟೆಗೆ ಒಯ್ಯುವುದು. ಅಲ್ಲಿ ಗೂಡು ಕೊಳ್ಳುವವರು ನೂಲು ತೆಗೆಯುವ ರೀಲರುಗಳು, ಹೆಚ್ಚಿನವರು ದಖನಿ ಉರ್ದು ಮಾತಾಡುವ ಮುಸ್ಲಿಮರು. ಅವರಲ್ಲಿ ಒಬ್ಬರನ್ನು ನಾನು ಚಾಚಾ ಎನ್ನುತ್ತಿದ್ದೆ. ಅವರೂ ಅಪ್ಪನೂ ಎಷ್ಟು ವರ್ಷದ ಗೆಳೆಯರೋ ಅವರಿಗೇ ಲೆಕ್ಕವಿರಲಿಲ್ಲ. ನಾನು ಕೆಲಸಕ್ಕೆ ಸೇರಿ ಸ್ಕೂಟರ್ ಕೊಂಡ ಮೇಲೆ, ಚೀಲಗಳು ಟೆಂಪೋದಲ್ಲಿ ಹೋದರೆ, ಅಪ್ಪ ನನ್ನ ಹಿಂದೆ ಕೂತು ಬರುತ್ತಿದ್ದ. ಹಾಗಾಗಿ ಅವರ ಬೈದಾಟವನ್ನು ಕೇಳುವ ಭಾಗ್ಯ ನನ್ನದಾಯಿತು.

‘ಬಂದ ನೋಡಿ ಮನೆಹಾಳ’ ಎಂದು ಚಾಚಾ ಶುರುಮಾಡುವರು. ‘ಲೇ, ಇವತ್ತಾದ್ರೂ ಗೂಡು ತಂದಿದ್ದೀಯೋ, ಇಲ್ಲಾ ಕಡ್ಲೆಕಾಯಿ ಸಿಪ್ಪೆ ತಂದಿದ್ದೀಯೋ?’

‘ಚುಪ್ ಬೈಠ್ ರೇ ಮಾಟಿಮಿಲೇ. ತೇರೆಕು ಕ್ಯಾ ಮಾಲೂಮ್’ ಎಂದು ಅಪ್ಪ.

‘ನಿನ್ ಬಾಯಿಗೆ ಮಣ್ಣಾಕ. ಮಗಳು ಬಂದವ್ಳೆ, ಟೀ ಕುಡ್ಸೋಣ ನಡಿ.’

ಅಪ್ಪ ಅಂದದ್ದು ಸುಮ್ಮನೆ ಕೂರೋ, ನಿನಗೇನು ಗೊತ್ತು ಎಂದು; ಮಾಟಿಮಿಲೇ ಅಂದರೆ ಮಣ್ಣುಪಾಲಾದವನೇ. ಅಂದರೆ ಇಬ್ಬರೂ ಹಾರೈಸುತ್ತಿದ್ದದ್ದು ಒಂದನ್ನೇ. ಆದರೆ ಗಮನಿಸಬೇಕು: ದಖನಿಯವರು ಕನ್ನಡದಲ್ಲಿ ಬೈಯುತ್ತಿದ್ದರು, ಕನ್ನಡದವನು ದಖನಿಯಲ್ಲಿ. ಇದು ಒಂದು ದಿನವೂ ತಪ್ಪಿದ್ದನ್ನು ನಾನು ಕಾಣೆ. ಚಾಚಾ ತಮ್ಮ ಕಡೆಯವರನ್ನು ದಖನಿಯಲ್ಲೇ ಉಗಿಯುತ್ತಿದ್ದರು, ಅಪ್ಪನ ಕಡೆ ತಿರುಗಿದ ಕೂಡಲೇ ಅಪ್ಪಟ ಕನ್ನಡ. ತಾಯಿ ತಂಗಿಯರನ್ನು ಎಳೆಯುವ ಮಾತು ಇಬ್ಬರಲ್ಲೂ ಇರಲಿಲ್ಲ, ಕನಿಷ್ಠ ನನ್ನೆದುರು. ಮಣ್ಣು, ಮನೆ, ಹೆಣ, ಇಷ್ಟೇ.

ಯಾಕೆ ಹೀಗೆ ಎಂದು ಅಪ್ಪನನ್ನು ಒಮ್ಮೆ ಕೇಳಿದ್ದೆ. ‘ನಮ್ ಮಾತಲ್ಲಿ ಬೈದ್ರೆ ತಗುಲ್ತದೆ ಕಣಮ್ಮ. ಅವ್ರ ಮಾತು ನನ್ ಬಾಯಲ್ಲಿ ಬರೀ ಗಾಳಿ’ ಅಂದ. ಅಪ್ಪ ಚಿಕ್ಕವನಿದ್ದಾಗ ಅವನ ಅಜ್ಜಿ ಒದೆಯುವ ಹಸುವೊಂದಕ್ಕೆ ‘ನಿನ್ ಹೆಣ ಎತ್ತ’ ಎಂದಳಂತೆ. ಮರುದಿನ ಅದು ಹೊಟ್ಟೆಯುಬ್ಬರಿಸಿ ಸತ್ತಿತು. ಹಸಿ ಜೋಳದ ದಂಟು ತಿಂದಿತ್ತು ಎಂದು ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಆದರೂ.

ಚಾಚಾ ಅವರಿಗೂ ಇಂಥದೇ ನಂಬಿಕೆ ಇತ್ತೋ, ಅಥವಾ ಸುಮ್ಮನೆ ಗೆಳೆಯನ ಆಟಕ್ಕೆ ಜೊತೆಯಾದರೋ, ಕೇಳಲಿಲ್ಲ.

ಈಗ ಆ ದಿನ. ಗೂಡು ಬಿಡಿಸುವುದಕ್ಕೆ ಒಂದು ಲೆಕ್ಕವಿದೆ. ಹುಳು ಗೂಡೊಳಗೆ ಸೇರಿ ಗಟ್ಟಿಯಾಗುವವರೆಗೆ ಕಾಯಬೇಕು. ಅದಕ್ಕೂ ಮೊದಲೇ ಬಿಡಿಸಿ ಚೀಲಕ್ಕೆ ತುಂಬಿದರೆ ಒಳಗಿನ ಹುಳು ಒಡೆದು ಗೂಡು ಕಲೆಯಾಗುತ್ತದೆ, ನೂಲು ಸರಿಯಾಗಿ ಬರುವುದಿಲ್ಲ. ಅಪ್ಪ ಅದನ್ನು ಹೇಳಿಸಿಕೊಳ್ಳಬೇಕಾದವನಲ್ಲ. ಆದರೆ ಬಿಡಿಸಬೇಕಾದ ದಿನವೇ ಮೊಮ್ಮಗಳು ರಷ್ಯಾಕ್ಕೆ ಹೊರಟಿದ್ದಳು. ಮನೆಯಿಂದ ವಿಮಾನ ನಿಲ್ದಾಣ ಅರ್ಧ ಗಂಟೆ. ಅವಳನ್ನು ಬಾಗಿಲ ತನಕ ಬಿಟ್ಟು, ಗಾಜಿನ ಆಚೆ ಕಾಣುವಷ್ಟು ದೂರ ನೋಡಿ ಬರಬೇಕೆಂಬ ಆಸೆ ಅಪ್ಪನದು. ಎರಡು ದಿನ ಮೊದಲೇ ಬಿಡಿಸಿಬಿಟ್ಟ. ‘ಏನಾಗಲ್ಲ, ಬಿಸಿಲೈತೆ, ಗಟ್ಟಿಯಾಗಿರ್ತದೆ’ ಎಂದು ನಮಗೂ ಹೇಳಿದ, ತನಗೂ ಹೇಳಿಕೊಂಡ.

ಇದನ್ನು ಅವಳಿಗೆ ಹೇಳಿಲ್ಲ.

ಮಾರುಕಟ್ಟೆಯಲ್ಲಿ ಗೂಡು ಹರಡಿಟ್ಟಿದ್ದೆವು. ಹರಾಜಿಗೆ ಮುಂಚೆ ರೀಲರುಗಳು ಸಾಲಾಗಿ ನೋಡಿಕೊಂಡು ಬರುತ್ತಾರೆ. ಚಾಚಾ ಬಂದರು. ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲುಗಿಸಿದರು. ಗಟ್ಟಿಯಾದ ಹುಳುವಾದರೆ ಒಳಗೆ ಲೊಟಲೊಟ ಎನ್ನುತ್ತದೆ. ಇನ್ನೊಂದು ಎತ್ತಿದರು. ಮೂರನೆಯದು. ನಾನು ಬೈಗುಳಕ್ಕೆ ಕಾಯುತ್ತಿದ್ದೆ, ನಗಲು ತಯಾರಾಗಿ. ಅವರು ಗೂಡನ್ನು ಮೆಲ್ಲಗೆ ಇದ್ದಲ್ಲೇ ಇಟ್ಟರು. ಸುತ್ತ ನಾಲ್ಕಾರು ಜನ ಇದ್ದರು.

‘ಯಜಮಾನ್ರೇ, ಇದು ಇನ್ನೂ ಹಸಿ ಇದೆ. ನೀವು ತಿಳಿದವ್ರು. ಬೇರೆಯವ್ರು ಬೇಕಾದ್ರೆ ನೋಡ್ಲಿ.’

ಯಜಮಾನ್ರೇ. ನೀವು.

ಅಪ್ಪನ ಮುಖ ನಾನು ನೋಡಿದೆನೋ ಇಲ್ಲವೋ. ನೋಡಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನನಗೆ ಕಾಣುವುದು ಗೂಡಿನ ಮೇಲಿನ ಒಂದು ಕಂದು ಕಲೆ ಮಾತ್ರ, ಕಾಸಿನಗಲ. ಚಾಚಾ ಮುಂದಿನವರ ಗೂಡಿನ ಕಡೆ ನಡೆದಿದ್ದರು. ಅವರ ಬೆನ್ನಿಗೆ ಅಪ್ಪ ಬೈದ. ಒಂದೇ ಮಾತು. ಮಣ್ಣಿನ ಮಾತು. ನಗುತ್ತಿರಲಿಲ್ಲ. ಚಾಚಾ ತಿರುಗಲಿಲ್ಲ. ಇಷ್ಟು ಖಚಿತ, ಅಥವಾ ಇಷ್ಟನ್ನು ನಾನು ಖಚಿತ ಎಂದು ಇಟ್ಟುಕೊಂಡಿದ್ದೇನೆ.

ಗೂಡು ಬೇರೆಯವರಿಗೆ ಹೋಯಿತು. ಎರಡು ದಿನದ ಮೇಲೆ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಮೊಮ್ಮಗಳನ್ನು ಬಿಟ್ಟು ಬಂದ. ಅದಾಗಿ ಮೂರನೇ ದಿನ ಬೆಳಿಗ್ಗೆ, ಗೂಡು ಬೇಯಿಸುವ ಒಲೆಯ ಪಕ್ಕದಲ್ಲಿ ನಿಂತಿದ್ದ ಹಾಗೆಯೇ ಚಾಚಾ ಕುಸಿದರು. ಆಸ್ಪತ್ರೆಗೆ ಒಯ್ಯುವುದರೊಳಗೆ ಮುಗಿದಿತ್ತು.

ಅಪ್ಪನನ್ನು ಸ್ಕೂಟರಿನಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಅವನ ಕೈ ನನ್ನ ಭುಜದ ಮೇಲಿತ್ತು. ಖಬರಸ್ತಾನಕ್ಕೆ ಹೆಂಗಸರು ಹೋಗುವುದಿಲ್ಲ. ನಾನು ಗೇಟಿನ ಹೊರಗೆ ನಿಂತೆ. ನಮ್ಮಲ್ಲಿಯ ಹಾಗೆ ಅಲ್ಲೂ ಬಂದವರೆಲ್ಲ ಮೂರು ಹಿಡಿ ಮಣ್ಣು ಹಾಕುತ್ತಾರೆ. ಅಪ್ಪ ಹಿಡಿಯಲ್ಲಿ ಮಣ್ಣು ತೆಗೆದುಕೊಂಡು ಬಗ್ಗಿದವನು ಹಾಗೇ ನಿಂತುಬಿಟ್ಟನಂತೆ. ಹಿಂದಿದ್ದ ಹಿರಿಯರೊಬ್ಬರು ‘ಹಾಕಣ್ಣ, ಹಾಕ್ಬೇಕು’ ಎಂದರಂತೆ. ಆಗಲೂ ಕೈ ಬಿಚ್ಚಲಿಲ್ಲ. ಕೊನೆಗೆ ಅವರೇ ಅಪ್ಪನ ಮಣಿಕಟ್ಟು ಹಿಡಿದು ತಿರುಗಿಸಿದರಂತೆ. ಇದನ್ನು ನಾನು ಕಂಡಿಲ್ಲ. ಚಾಚಾ ಅವರ ತಮ್ಮ ಆಮೇಲೆ ಹೇಳಿದ್ದು. ಆದರೆ ಕಂಡದ್ದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ, ಉಗುರಿನ ಸಂದಿಯ ಕೆಂಪು ಮಣ್ಣಿನ ಸಮೇತ. ನೆನಪು ಇಂಥ ಕೆಲಸವನ್ನೂ ಮಾಡುತ್ತದೆ ಎಂದು ತಿಳಿದೇ ಬರೆಯುತ್ತಿದ್ದೇನೆ.

ಅವತ್ತಿನಿಂದ ಅಪ್ಪ ಬೈಯುವುದನ್ನು ನಿಲ್ಲಿಸಿದ. ದಖನಿಯನ್ನಂತೂ ಪೂರ್ತಿ ಬಿಟ್ಟ. ಟೀ ಅಂಗಡಿಯವನು ಏನಾದರೂ ಕೇಳಿದರೆ ಕನ್ನಡದಲ್ಲಿ ಉತ್ತರ. ಮಾರುಕಟ್ಟೆಯಲ್ಲಿ ಎಲ್ಲರಿಗೂ ನೀವು, ಬನ್ನಿ, ಹೋಗಿ. ಅಪ್ಪ ಸಾಧುವಾಗಿದ್ದಾನೆ ಎಂದು ಅಮ್ಮನಿಗೆ ಮೊದಮೊದಲು ಸಮಾಧಾನವೇ ಆಗಿತ್ತು. ಆಮೇಲೆ ಅವಳಿಗೂ ಭಯವಾಗತೊಡಗಿತು. ‘ಹಸು ಹಾಲು ಒದ್ದು ಚೆಲ್ತು, ಸುಮ್ನೆ ಪಾತ್ರೆ ಎತ್ಕೊಂಡು ಬಂದ್ರು ಕಣೆ. ಏನಾದ್ರೂ ಅನ್ನಬಾರ್ದಾ’ ಎಂದು ನನಗೆ ಫೋನು ಮಾಡಿದ್ದಳು. ಬೈಗುಳದ ಜೊತೆ ಅಪ್ಪನ ಬೇರೆ ಮಾತುಗಳೂ ಸವೆದವು. ಹುಳುವಿಗೆ ಸೊಪ್ಪು ಹಾಕುವಾಗ ಮಾತಾಡುತ್ತಿದ್ದವನು, ಮಳೆಗೆ ಮಾತಾಡುತ್ತಿದ್ದವನು.

ಎರಡು ತಿಂಗಳಾಗಿರಬೇಕು. ಶೆಡ್ಡಿನಲ್ಲಿ ಇಬ್ಬರೇ ಇದ್ದೆವು. ಹುಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಇತ್ತು. ಅಪ್ಪ ನನ್ನ ಕಡೆ ನೋಡದೆ ಕೇಳಿದ.

‘ಅವತ್ತು ನಾನು ಯಾವ ಮಾತಲ್ಲಿ ಅಂದೆ?’

ಯಾವತ್ತು ಎಂದು ನಾನು ಕೇಳಲಿಲ್ಲ. ‘ಅವ್ರ ಮಾತಲ್ಲೇ’ ಅಂದೆ.

‘ದಿಟವಾಗ್ಲೂ?’

‘ದಿಟವಾಗ್ಲೂ. ಮಾಟಿಮಿಲೇ ಅಂದೆ. ನಾನು ಪಕ್ಕದಲ್ಲೇ ಇದ್ನಲ್ಲಪ್ಪ.’

‘ನಗ್ತಾ ಅಂದ್ನಾ?’

‘ಇಲ್ಲ. ನಗ್ತಾ ಇರ್ಲಿಲ್ಲ.’

ಈ ಕೊನೆಯ ಮಾತನ್ನು ನಾನು ಬೇಕೆಂದೇ ಹೇಳಿದೆ. ಒಂದು ನಿಜ ಕೊಟ್ಟರೆ ಇನ್ನೊಂದನ್ನೂ ನಂಬುತ್ತಾನೆ ಎಂದು. ಅಪ್ಪ ‘ಹೂಂ’ ಎಂದು ಸೊಪ್ಪಿನ ಕಟ್ಟು ಬಿಚ್ಚತೊಡಗಿದ. ನಂಬಿದನೋ ಇಲ್ಲವೋ. ನಂಬಿದ್ದರೆ ಮತ್ತೆ ಕೇಳುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಮೂರೋ ನಾಲ್ಕೋ ಸಲ ಕೇಳಿದ, ಸಂಬಂಧವಿಲ್ಲದ ಜಾಗಗಳಲ್ಲಿ: ಸೂಲಿಬೆಲೆಯ ಮದುವೆಯೊಂದರ ಊಟದ ಸಾಲಿನಲ್ಲಿ, ಕಣ್ಣಿನ ಡಾಕ್ಟರ ಬಾಗಿಲಲ್ಲಿ. ಪ್ರತಿಸಲವೂ ಅದೇ ಉತ್ತರ ಕೊಟ್ಟೆ. ಕೊಡುತ್ತ ಕೊಡುತ್ತ ಉತ್ತರ ಪಳಗಿತು. ನಾನು ಹೇಳುತ್ತಿರುವುದು ಕೇಳಿದ್ದೋ ಕಟ್ಟಿದ್ದೋ ಎಂಬುದು ನನಗೇ ಬೆರೆತುಹೋಯಿತು.

ಹೋದ ವರ್ಷ ಅಪ್ಪ ಹಾಸಿಗೆ ಹಿಡಿದ. ಕೊನೆಯ ವಾರ ಮಾತು ತೊದಲುತ್ತಿತ್ತು. ನೀರು ಕುಡಿಸುವಾಗ ನನ್ನ ಕೈ ಹಿಡಿದು, ‘ನೀನು ನನ್ ಮಗಳು. ನನ್ ಸಮಾಧಾನಕ್ಕೆ ಹಂಗೆ ಹೇಳ್ತೀಯ. ಬ್ಯಾಡ. ಇದ್ದದ್ದು ಹೇಳು’ ಅಂದ.

ಆಗ ಹೇಳಬಹುದಿತ್ತು, ಗೊತ್ತಿಲ್ಲಪ್ಪ ಎಂದು. ನಾನು ‘ಅವ್ರ ಮಾತಲ್ಲೇ ಅಂದೆ’ ಎಂದೆ. ಅಪ್ಪ ಕಣ್ಣು ಮುಚ್ಚಿಕೊಂಡ. ಅದು ನೆಮ್ಮದಿಯೋ, ಇವಳಿಂದ ಇನ್ನು ಏನೂ ಹೊರಡದು ಎಂಬ ಸೋಲೋ, ನಾನು ಎರಡನ್ನೂ ಆ ಮುಖದ ಮೇಲೆ ಓದಬಲ್ಲೆ. ಮತ್ತೆ ಕೇಳಲಿಲ್ಲ.

ಅಕ್ಕನ ಮಗಳಿಗೆ ಚಾಚಾ ಮತ್ತು ಅಪ್ಪನ ಬೈದಾಟವನ್ನಷ್ಟೇ ಹೇಳಿದೆ. ಇಬ್ಬರ ದನಿಯನ್ನೂ ಅನುಕರಿಸಿ ತೋರಿಸಿದೆ. ಅವಳು ಕಾಲು ನೋವು ಮರೆತು ನಕ್ಕಳು. ‘ಕೊನೇವರೆಗೂ ಹಂಗೇ ಇದ್ರಾ ಇಬ್ರೂ?’ ಎಂದು ಕೇಳಿದಳು. ಇದ್ದರು ಅಂದೆ.

ಆ ದಿನ ಅಪ್ಪ ಕನ್ನಡದಲ್ಲಿ ಬೈದನೋ ದಖನಿಯಲ್ಲಿ ಬೈದನೋ ನನಗೆ ಗೊತ್ತಿಲ್ಲ. ಚಾಚಾ ಅವರಿಗೆ ಅದು ಕೇಳಿಸಿತೋ ಎಂಬುದೂ ಗೊತ್ತಿಲ್ಲ.