ಹಾಲಿನ ಪುಡಿಗೆ ಬಂದ ಜನ

ಕೂಲಿಯಾಳುಗಳ ಲೈನ್ ಮನೆಯ ಹುಡುಗಿ ಬಿ.ಎ. ಆಗುವುದು ಸಾಧ್ಯವೇ ಇಲ್ಲ ಎಂದು ಹೇಳಿದವರು ನಮ್ಮ ಎಸ್ಟೇಟಿನ ರೈಟರು. ಬೆಳಿಗ್ಗೆ ಆಳುಗಳ ಹೆಸರು ಕೂಗಿ ಹಾಜರಿ ಹಾಕುವುದು ಅವರ ಕೆಲಸ. ನಾನು ಪಿಯುಸಿ ಪಾಸಾದ ಸುದ್ದಿಯನ್ನು ಚಿಕ್ಕಮ್ಮ ರೈಟರಿಗೆ ಹೇಳಿದಾಗ, “ಪಿಯುಸಿ ಹೆಂಗೋ ಆಗೋಯ್ತು ಕಣಮ್ಮ. ಬಿ.ಎ. ಆಗಲ್ಲ. ಆಗಲ್ಲ ಅಂದ್ರೆ ಆಗಲ್ಲ” ಎಂದರು. ಕೆಟ್ಟ ಮನುಷ್ಯರೇನಲ್ಲ. ಇವತ್ತು ಮಳೆ ಬರಲ್ಲ ಎಂದೂ ಅಷ್ಟೇ ಖಾತ್ರಿಯಿಂದ ಹೇಳುತ್ತಿದ್ದರು. ಹೇಳಿ, ತೊಯ್ದುಕೊಂಡು ಮನೆಗೆ ಹೋಗುತ್ತಿದ್ದರು.

ಆದರೂ ನಾನು ಮಡಿಕೇರಿಯ ಕಾಲೇಜು ಸೇರಿದೆ. ಸಿಸ್ಟರುಗಳ ಹಾಸ್ಟೆಲಿನಲ್ಲಿ ಇದ್ದೆ. ಅಮ್ಮ ನನ್ನ ಚಿಕ್ಕಂದಿನಲ್ಲೇ ತೀರಿಹೋಗಿದ್ದಳು. ಸಾಕಿದವಳು ಅವಳ ತಂಗಿ, ನನ್ನ ಚಿಕ್ಕಮ್ಮ. ಚಿಕ್ಕಪ್ಪ ವಯನಾಡಿನ ಕಡೆ ಕೆಲಸಕ್ಕೆಂದು ಹೋದವನು ಹಬ್ಬಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಚಿಕ್ಕಮ್ಮನ ಬೆರಳು ಕಾಫಿ ಹಣ್ಣು ಬಿಡಿಸಿದರೆ ಹಾಸ್ಟೆಲಿನಲ್ಲಿ ನನ್ನ ತಟ್ಟೆಗೆ ಅನ್ನ ಬೀಳುತ್ತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಬಹಳ ವರ್ಷವಾಗಿರಲಿಲ್ಲ. ನನ್ನ ಎರಡನೆಯ ಬಿ.ಎ. ಮುಗಿದ ಬೇಸಿಗೆ ರಜೆಯಲ್ಲಿ ನಮ್ಮ ಚರ್ಚಿನ ಸ್ವಾಮಿಗಳು ಮಂಗಳೂರಿನಿಂದ ಒಂದು ಕಟ್ಟು ಭಿತ್ತಿಚಿತ್ರ ಹೊತ್ತು ತಂದರು. ಬಸುರು ತೆಗೆಸಲು ಕಾನೂನು ಮಾಡುವ ಬಗ್ಗೆ ದೆಹಲಿಯಲ್ಲಿ ಕಮಿಟಿ ಕೂತಿದೆಯಂತೆ, ನಾವು ಸುಮ್ಮನಿರಬಾರದು ಎಂದರು. ಕುಟುಂಬ ಯೋಜನೆಯ ವ್ಯಾನು ಆಗಲೇ ಎಸ್ಟೇಟುಗಳಲ್ಲಿ ಸಿನೆಮಾ ತೋರಿಸಿ ಹೋಗಿತ್ತು. “ಅವರಿಗೆ ವ್ಯಾನುಂಟು, ನಮಗೆ ಜೀಪುಂಟು. ಅಮ್ಮತ್ತಿ ಸಂತೆಯಲ್ಲಿ ಮೈಕಿಗೆ ನೀನು” ಎಂದು ನನ್ನ ಕಡೆ ಬೆರಳು ತೋರಿಸಿದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗರ್ಭದಲ್ಲಿರುವುದೂ ಒಂದು ಜೀವ ಎಂಬುದನ್ನು ನಾನು ನಂಬಿದ್ದೆ, ಇಂದಿಗೂ ನಂಬುತ್ತೇನೆ. ಆ ನಂಬಿಕೆಯ ಜತೆಗೆ ಜೀಪು, ಮೈಕು, ಅಮ್ಮತ್ತಿಯ ಸಂತೆ! ಆ ವಯಸ್ಸಿನಲ್ಲಿ ಇನ್ನೇನು ಬೇಕು?

ಚಿತ್ರದಲ್ಲಿ ಒಂದು ದುಂಡು ಮಗು, ತಲೆಯ ಸುತ್ತ ಬೆಳಕು, ಕೆಳಗೆ ದಪ್ಪಕ್ಷರದ ಗ್ರಾಂಥಿಕ ಕನ್ನಡ. ಮೈದಾಹಿಟ್ಟಿನ ಗೋಂದು ಕುದಿಸಿಕೊಂಡು, ಚರ್ಚಿನ ಹಾಡಿನ ಗುಂಪಿನ ಹುಡುಗಿಯರನ್ನು ಕಟ್ಟಿಕೊಂಡು, ಬಸ್ ನಿಲ್ದಾಣ, ಸೇಂದಿ ಅಂಗಡಿ, ಲೈನುಗಳು ಯಾವುದನ್ನೂ ಬಿಡದೆ ಅಂಟಿಸಿದೆವು. ಮೊಣಕೈವರೆಗೂ ಅಂಟು. ಕೊನೆಗೆ ನಮ್ಮ ಮನೆಯ ಗೋಡೆಗೆ ಬಂದಾಗ ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು.

“ನನ್ ಗೋಡೆಗೆ ಬ್ಯಾಡ.”

“ಯಾಕೆ ಚಿಕ್ಕಮ್ಮ? ಚೆನ್ನಾಗಿದೆ ನೋಡು.”

ಉಳಿದ ಹುಡುಗಿಯರು ಮುಂದೆ ಹೋಗುವವರೆಗೆ ಕಾದು ಮೆಲ್ಲಗೆ ಹೇಳಿದಳು. “ನಂಗೆ ತಿಂಗಳು ನಿಂತದೆ ಕೂಸೇ. ಹೆರಿಗೆ ಸರಿಯಾಗಿ ಕೊಯ್ಲಿಗೇ ಬರ್ತದೆ. ಕೊಯ್ಲಿಗೆ ಹೋಗ್ದಿದ್ರೆ ನಿನ್ ಹಾಸ್ಟೆಲ್ ಹೆಂಗೆ? ಹೊಳೆ ಆಚೆ ಅಜ್ಜಿ ಮದ್ದು ಕೊಡ್ತಳಂತೆ. ಸಂತೆ ಕಳ್ದ ಮ್ಯಾಲೆ ಹೋಗ್ತೀನಿ.”

ನನ್ನ ಕೈಯಲ್ಲಿದ್ದ ಗೋಂದು ಒಣಗುತ್ತಿತ್ತು. ಆ ಮಗು ಉಳಿದರೆ ನನ್ನ ಬಿ.ಎ. ಹೋಗುತ್ತದೆ, ನನ್ನ ಬಿ.ಎ. ಉಳಿದರೆ ಮಗು ಹೋಗುತ್ತದೆ. ಜೀಪಿನಲ್ಲಿ ಕೂಗಲು ಬಾಯಿಪಾಠ ಮಾಡಿದ್ದ ಸಾಲುಗಳ ಜತೆಗೇ ಚಿತ್ರವನ್ನೂ ಸುರುಳಿ ಸುತ್ತಿಕೊಂಡೆ.

ಸಂತೆಯ ದಿನ ಜನವೋ ಜನ! ಸೊಪ್ಪಿನ ಸಾಲು, ಒಣಮೀನಿನ ಸಾಲು ದಾಟಿ ಲೈನಿನ ಹೆಂಗಸರು ನಮ್ಮ ಜೀಪಿನ ಕಡೆಗೇ ನುಗ್ಗಿ ಬರುತ್ತಿದ್ದರು. ಸ್ವಾಮಿಗಳು ನಿಲುವಂಗಿ ಎತ್ತಿ ಹಿಡಿದು ಬಾನೆಟ್ಟಿನ ಮೇಲೆ ಹತ್ತಿ ನೋಡಿದರು. “ಎಂಥ ಜನ ಮಾರಾಯ್ತಿ! ಮಂಗಳೂರಲ್ಲೂ ಇಷ್ಟು ಸೇರುದಿಲ್ಲ!” ನಾನು ಸೆರಗು ಸರಿಮಾಡಿಕೊಂಡು ಮೈಕು ಹಿಡಿದೆ. ಇಷ್ಟು ಜನ ನನ್ನ ಮಾತು ಕೇಳಲು!

ಹತ್ತಿರ ಬಂದ ಮೇಲೆ ನೋಡಿದರೆ ಎಲ್ಲರ ಕೈಯಲ್ಲೂ ಪಾತ್ರೆ. ಬೋಸಿ, ತಪ್ಪಲೆ, ಎಣ್ಣೆ ಡಬ್ಬ. ಒಬ್ಬಳು ಬಕೆಟ್ಟೇ ತಂದಿದ್ದಳು. ಮುಂದೆ ನಿಂತಿದ್ದ ಮಲಯಾಳಿ ಮುದುಕಿ ಪಾತ್ರೆ ಚಾಚಿ, “ಪಾಲ್‌ಪೊಡಿ ಎವಿಡೆ ಮೋಳೇ?” ಎಂದಳು. ಆಗ ಹೊಳೆಯಿತು. ನಮ್ಮ ಕಡೆ ಚರ್ಚಿನವರು ಮಗುವಿನ ಚಿತ್ರ ಅಂಟಿಸಿದರೆಂದರೆ ಹಾಲಿನ ಪುಡಿ ಬಂದಿದೆ ಎಂದೇ ಅರ್ಥ. ಅಮೆರಿಕದ ಪುಡಿ ಹಂಚುವಾಗಲೆಲ್ಲ ಹಾಗೆಯೇ ಮಾಡುತ್ತಿದ್ದರು. ಕೆಳಗಿನ ದಪ್ಪಕ್ಷರವನ್ನು ಓದಿದವರು ಯಾರು?

“ಪ್ರಿಯ ಸಹೋದರಿಯರೇ, ಗರ್ಭಸ್ಥ ಶಿಶುವು...” ಎಂದು ಶುರು ಮಾಡಿದೆ.

“ಶಿಶು ಇರ್ಲಿ, ಪುಡಿ ಎಲ್ಲವ್ವಾ?” ಗುಂಪಿನಿಂದ ಒಂದು ಕೂಗು. ಸಂತೆಗೆ ಸಂತೆಯೇ ನಕ್ಕಿತು. ನಾನು ಬೆವರೊರೆಸಿಕೊಂಡು ತಲೆ ಎತ್ತಿದರೆ ಹಿಂದಿನ ಸಾಲಿನಲ್ಲಿ ಚಿಕ್ಕಮ್ಮ. ಅವಳ ಕೈಯಲ್ಲೂ ಒಂದು ತಪ್ಪಲೆ. ಮಾರನೆಯ ದಿನ ಹೊಳೆ ದಾಟಲಿದ್ದವಳು ಮಗುವಿನ ಪುಡಿಗೆ ಪಾತ್ರೆ ಹಿಡಿದು ನಿಂತಿದ್ದಾಳೆ! ಬಾಯಿಪಾಠ ಅಲ್ಲಿಗೇ ಬಿಟ್ಟುಹೋಯಿತು.

“ಪುಡಿ ಇವತ್ತಿಲ್ಲ,” ಎಂದು ಮೈಕಿನಲ್ಲಿ ಕೂಗಿದೆ, “ತರಿಸ್ತೀವಿ! ಕೊಯ್ಲಿಗೆ ಹೋಗೋಕಾಗಲ್ಲ ಅಂತ ಯಾರೂ ಹೊಳೆ ದಾಟಬೇಡಿ. ಕೂಸು ನೋಡ್ಕೊಳ್ಳೋಕೆ ಒಂದು ಜಾಗ ಮಾಡ್ತೀವಿ. ಯಾರೂ ಬರದಿದ್ರೆ ನಾನೇ ನೋಡ್ಕೋತೀನಿ!”

ಮುಂದಿದ್ದವರು ಚಾಚಿದ್ದ ಪಾತ್ರೆ ಇಳಿಸಿದರು. ಸೊಪ್ಪಿನ ಸಾಲಿನಿಂದ, ಬದನೆಕಾಯಿ ಆರಿಸುತ್ತಿದ್ದ ರೈಟರ ದನಿ ಕೇಳಿಸಿತು. “ತೊಟ್ಟಿಲು ತೂಗ್ತಾ ಬಿ.ಎ. ಮಾಡ್ತೀಯೇನಮ್ಮ? ನಾ ಅವತ್ತೇ ಹೇಳ್ಲಿಲ್ವಾ?”

“ಎರಡೂ ಆಗುತ್ತೆ ಸಾರ್!” ಅದೂ ಮೈಕಿನಲ್ಲೇ ಹೋಯಿತು.

ಮನೆಗೆ ಬಂದ ಚಿಕ್ಕಮ್ಮ ಖಾಲಿ ತಪ್ಪಲೆಯನ್ನು ಕುಕ್ಕಿದಳು. “ಊರ್ ಮುಂದೆ ಮಾತ್ ಕೊಟ್ಯಲ್ಲ, ನಿನ್ ಓದು ಕಳ್ದು ನನ್ ಕೂಸು ಸಾಕ್ಬೇಕಾ ನಾನು?” ಎಂದು ಬೈದಳು. ಆದರೆ ಮರುದಿನ ಹೊಳೆಯ ಕಡೆ ಹೋಗಲಿಲ್ಲ. ನೋಡೋಣ ಎಂದಳು, ಅಷ್ಟೇ.

ಪಾಪ, ಸ್ವಾಮಿಗಳು ನಾನು ಕೊಟ್ಟ ಮಾತನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡರು. ಎಸ್ಟೇಟಿನ ಧಣಿಗಳ ಮುಂದೆ ಹೋಗಿ ಕೂತು, ಕಾಫಿ ಒಣಹಾಕುವ ಕಣದ ಪಕ್ಕದ ಹಳೆಯ ಶೆಡ್ಡನ್ನು ಕೇಳಿ ಪಡೆದರು. “ಭಾಷಣ ಮಾಡುದು ಸುಲಭ ಮಾರಾಯ್ತಿ, ಈ ಹೆಂಚು ಯಾರು ಏರಿಸುದು?” ಎನ್ನುತ್ತ ತಾವೇ ಏಣಿ ಹತ್ತಿದರು. ಕೊಯ್ಲು ಮಾಡಲು ಆಗದಷ್ಟು ವಯಸ್ಸಾದ ಇಬ್ಬರು ಅಜ್ಜಿಯರು ಕೂಸು ನೋಡಿಕೊಳ್ಳಲು ಒಪ್ಪಿದರು. ಒಂದು ಸಂಜೆ ಚಿಕ್ಕಮ್ಮ ಬಂದು ಶೆಡ್ಡಿನ ಮೂಲೆಮೂಲೆ ನೋಡಿ, ತನ್ನ ಹಳೆಯ ಸೀರೆಯೊಂದನ್ನು ನನ್ನ ಕೈಗಿಟ್ಟಳು. “ನನ್ ಕೂಸಿನ್ ತೊಟ್ಲು ಈ ಜಂತೆಗೆ ಕಟ್ಟು. ಆ ಕಡೆ ಸೋರ್ತದೆ” ಎಂದಳು. ಮಗು ಉಳಿಯಿತು ಎಂದು ನನಗೆ ತಿಳಿದದ್ದು ಆಗ. ಶೆಡ್ಡಿನ ಹಿಂದೆ ಹೋಗಿ ಕುಣಿದೆ!

ಎಲ್ಲರೂ ಉಳಿಸಿಕೊಳ್ಳಲಿಲ್ಲ. ಪಕ್ಕದ ಲೈನಿನ ಒಬ್ಬಳು ಹೊಳೆ ದಾಟಿ ಹೋಗಿ ಬಂದು ಜ್ವರದಲ್ಲಿ ಮಲಗಿದಳು. ಚಿತ್ರ ಹಿಡಿದುಕೊಂಡು ಅವಳ ಬಾಗಿಲಿಗೆ ಹೋಗಲು ನನಗೆ ಮನಸ್ಸಾಗಲಿಲ್ಲ, ಗಂಜಿ ಒಯ್ದೆ.

ಅರೇಬಿಕಾ ಕೊಯ್ಲು ಶುರುವಾದಾಗ ಚಿಕ್ಕಮ್ಮನಿಗೆ ಹೆಣ್ಣು ಮಗು ಹುಟ್ಟಿತು. ಆ ಕೊಯ್ಲು ತಪ್ಪಿತು, ಆಮೇಲೆ ಬರುವ ರೋಬಸ್ಟಾ ಕೊಯ್ಲು ಸಿಕ್ಕಿತು. ನಡುವಿನ ತಿಂಗಳುಗಳಲ್ಲಿ ಹಾಸ್ಟೆಲಿನ ಸಿಸ್ಟರು ನನ್ನನ್ನು ಅಡುಗೆಮನೆಯ ಕೆಲಸಕ್ಕೆ ಹಾಕಿಕೊಂಡು ಊಟ ಹಾಕಿದರು. ರಜೆ ಸಿಕ್ಕಾಗಲೆಲ್ಲ ಬಸ್ಸು ಹಿಡಿದು ಶೆಡ್ಡಿಗೆ ಬರುತ್ತಿದ್ದೆ. ಆ ಹೊತ್ತಿಗೆ ಪುಡಿಯ ಮೂಟೆಯೂ ಬಂದಿತ್ತು, ತೂಗಾಡುವ ಸೀರೆಗಳೂ ಹೆಚ್ಚಿದ್ದವು. ಒಂದು ಕೈಯಲ್ಲಿ ತೂಗುತ್ತ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಇಂಗ್ಲೆಂಡಿನ ಇತಿಹಾಸವನ್ನು ಗಟ್ಟಿಯಾಗಿ ಓದುತ್ತಿದ್ದೆ. ಯಾವ ಜೋಗುಳಕ್ಕೂ ಜಗ್ಗದ ನನ್ನ ತಂಗಿ ಟ್ಯೂಡರ್ ರಾಜರು ಬಂದ ಕೂಡಲೇ ನಿದ್ದೆ ಹೋಗುತ್ತಿದ್ದಳು. ಪರೀಕ್ಷೆಯಲ್ಲಿ ಆ ರಾಜರದೇ ಪ್ರಶ್ನೆ ಬಂತು. ಬರೆಯುವಾಗ ನನ್ನ ಎಡಗೈ ತೂಗುತ್ತಲೇ ಇತ್ತು.

ಪಾಸಾದೆ. ಮೈಸೂರು ವಿಶ್ವವಿದ್ಯಾನಿಲಯದ ಪದವಿಪತ್ರ ಕೈಗೆ ಬಂದ ದಿನ ಮಡಿಕೇರಿಯಿಂದ ಬಸ್ಸಿನಲ್ಲಿ ಅದನ್ನು ಮಡಿಸಲೂ ಆಗದೆ, ಕೆಳಗಿಡಲೂ ಆಗದೆ ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದುಕೊಂಡು ಬಂದೆ. ಚಿಕ್ಕಮ್ಮನಿಗೆ ಕೊಟ್ಟೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಸರಿಯಾಗಿ, ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಪದವಿಪತ್ರ ಹಿಡಿದು ಕಣಕ್ಕೆ ನಡೆದಳು. ಹಿಂದೆ ನಾನು. ಆಳುಗಳೆಲ್ಲ ನಿಂತಿದ್ದರು. ಅವಳು ಅದನ್ನು ರೈಟರ ಕೈಗೆ ಕೊಟ್ಟಳು.

“ಇಂಗ್ಲೀಸಿನಾಗೆ ಅದೆ. ಎಲ್ಲಾರ್ಗೂ ಕೇಳಂಗೆ ಓದಿ ಸಾರ್.”

ರೈಟರು ಕನ್ನಡಕ ಸರಿಮಾಡಿಕೊಂಡು ನನ್ನ ಹೆಸರನ್ನು ಹಾಜರಿ ಕೂಗುವ ದನಿಯಲ್ಲೇ ಓದಿದರು. ಬ್ಯಾಚುಲರ್ ಆಫ್ ಆರ್ಟ್ಸ್ ಎಂಬುದನ್ನು ಎರಡು ಸಲ ಓದಿದರು. ಆಮೇಲೆ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. “ಆಗೋಯ್ತಲ್ಲಮ್ಮ” ಎಂದರು.

ಚಿಕ್ಕಮ್ಮ ಮಗುವನ್ನು ಎತ್ತಿ ಅವರ ಮುಖಕ್ಕೆ ಹಿಡಿದಳು.

“ಇವಳ್ಗೂ ಈಗ್ಲೇ ಹೇಳ್ಬಿಡಿ ಸಾರ್, ಆಗಲ್ಲ ಅಂತ. ನೀವು ಆಗಲ್ಲ ಅಂದ್ರೆ ನಮ್ಮನೇಲಿ ಆಗೇ ಆಗ್ತದೆ.”