ಒಂದು ಚಮಚ ನೀರು

ಅವ್ವನನ್ನು ಮುಟ್ಟುವ ಮೊದಲು ಸಿಸ್ಟರ್ ತಮ್ಮ ಅಂಗೈಗಳನ್ನು ಉಜ್ಜಿ, ತಮ್ಮದೇ ಕೊರಳಿಗೆ ಒತ್ತಿಕೊಂಡು ಬೆಚ್ಚಗಾಗಿವೆಯೇ ಎಂದು ನೋಡುತ್ತಿದ್ದರು. ಆ ಕೈಗಳಲ್ಲಿ ಹಸಿರು ಬಳೆಗಳಿದ್ದವು ಎಂದು ನನ್ನ ನೆನಪು. ಬಳೆ ಇರಲೇ ಇಲ್ಲ, ಎಡಗೈಯಲ್ಲಿ ಗಂಡಸರ ವಾಚೊಂದೇ ಇತ್ತು ಎನ್ನುತ್ತಾಳೆ ನನ್ನ ತಂಗಿ. ಅವಳು ಹೇಳಿದ ಮೇಲೆ ನನಗೂ ವಾಚು ಕಾಣತೊಡಗಿದೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಕೆಲವು ತಪ್ಪಿರಬಹುದು. ಅಂಗೈಯ ಬಿಸಿ ಮಾತ್ರ ತಪ್ಪಲ್ಲ. ಅವ್ವ ಹೋದ ದಿನ ಅದು ನನ್ನ ಬೆನ್ನ ಮೇಲೂ ಇತ್ತು.

ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ ಮೇಲೆ ಅವ್ವನನ್ನು ಮೂಡಲಗಿಯ ಮನೆಗೆ ಕರೆತಂದಿದ್ದೆವು. ನರ್ಸಾಗಿದ್ದ ಸಿಸ್ಟರ್ ಘಟಪ್ರಭಾದ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದರು. ಬಂದವರೇ ಅವ್ವನ ಕಿವಿಯ ಹತ್ತಿರ ಬಾಗಿ, "ಯಕ್ಕಾ, ಮಗ್ಗಲಾ ಬದಲಿ ಮಾಡತೇನಿ, ಬೈಬ್ಯಾಡ್ರಿ" ಎನ್ನುತ್ತಿದ್ದರು. ಅವ್ವನಿಗೆ ಎಚ್ಚರ ತಪ್ಪಿದ ಮೇಲೂ ಹೀಗೆ ಕೇಳುವುದನ್ನು ಬಿಡಲಿಲ್ಲ. ನಮಗೂ ಒಂದೊಂದು ಕೆಲಸ ಹಚ್ಚುತ್ತಿದ್ದರು. ಅಪ್ಪ ಅಂಗಾಲು ಒತ್ತಬೇಕು, ತಂಗಿ ತಲೆ ಬಾಚಬೇಕು. ಮೂಲೆಯಲ್ಲಿ ನಿಂತು ಅಳುತ್ತಿದ್ದ ನನ್ನನ್ನು ನೋಡಿ, "ಎಂ.ಎ. ಮಾಡಿದವರಿಗೆ ಬಟ್ಟಿ ಹಿಂಡಾಕ ಬರತೈತೇನ್ರಿ? ಹಿಂಡ್ರಿ. ಅಳೂದು ಹಿಂಡಕೋತನೂ ಆಕ್ಕೈತಿ" ಎಂದಿದ್ದರು. ಎಷ್ಟೋ ದಿನಗಳ ಮೇಲೆ ಅಪ್ಪ ನಕ್ಕಿದ್ದ.

ನಮ್ಮ ಕಡೆ ಒಬ್ಬರ ಕೊನೆಗಾಲ ಬಂತೆಂದರೆ ಬಂಧುಗಳೆಲ್ಲ ಬಂದು ಬಾಯಿಗೆ ಒಂದೊಂದು ಚಮಚ ನೀರು ಬಿಡಬೇಕು. ಬಿಡಲಾಗದವರಿಗೆ ಅದು ಬದುಕಿರುವವರೆಗೂ ಕೊರಗು. ಸಿಸ್ಟರ್ ಚಮಚವನ್ನು ಬದಿಗಿಟ್ಟು ಅರಳೆ ತೋಯಿಸಿ ಕೈಗೆ ಕೊಟ್ಟರು. "ತುಟಿಗೆ ಹಚ್ರಿ, ಸಾಕು. ಅವರಿಗೆ ನುಂಗಾಕ ಆಗವಲ್ತು, ಗಂಟಲಾಗ ನಿಂತ್ರ ಉಸಿರು ಕಟ್ಟತೈತಿ."

ಅಪ್ಪನ ತಮ್ಮ, ನಮ್ಮ ಕಾಕಾ ರೇಗಿದ. "ನಮ್ಮ ವೈನಿಗೆ ನೀರಿಗೂ ರೇಶನ್ ಏನ್ರಿ ಸಿಸ್ಟರ್?"

"ರೇಶನ್ ಅಲ್ರಿ ಕಾಕಾರ. ನೀರು ಬೇಕಾದಷ್ಟೈತಿ, ಹಾದಿ ಸಣ್ಣದಾಗೈತಿ."

ಕಾಕಾ ಗೊಣಗುತ್ತಲೇ ಅರಳೆ ಹಚ್ಚಿದ. ಉಳಿದವರೂ ಹಾಗೇ ಮಾಡಿದರು.

ಅವ್ವನ ತಂಗಿ, ನಮ್ಮ ಚಿಗವ್ವ, ಎಲ್ಲರಿಗಿಂತ ತಡವಾಗಿ ಹುಕ್ಕೇರಿಯಿಂದ ಬಂದಳು. ಮಗಳ ಹೆರಿಗೆ ಬಿಟ್ಟು ಬರಲಾಗಿರಲಿಲ್ಲ. ಅವಳು ಒಳಗೆ ಹೋದಾಗ ಅಲ್ಲಿ ಸಿಸ್ಟರ್ ಒಬ್ಬರೇ ಇದ್ದರು. ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಕಿಟಕಿಯಿಂದ ಸಿಸ್ಟರ್ ದನಿ ಕೇಳಿಸಿತು: "ಸಾವಕಾಶ, ಸಾವಕಾಶ." ಅವ್ವನ ಕೆಮ್ಮೂ ಕೇಳಿಸಿತು. ಮೊದಲು ಯಾವುದು, ಆಮೇಲೆ ಯಾವುದು ಎಂಬುದನ್ನು ಇಷ್ಟು ವರ್ಷಗಳಿಂದ ನನ್ನ ತಲೆಯಲ್ಲಿ ಅದಲುಬದಲು ಮಾಡುತ್ತಲೇ ಇದ್ದೇನೆ.

ಓಡಿ ಬಂದಾಗ ಚಿಗವ್ವನ ಕೈಯಲ್ಲಿ ಚಮಚವಿತ್ತು. ಸಿಸ್ಟರ್ ಅವ್ವನನ್ನು ಮಗ್ಗುಲಿಗೆ ಹೊರಳಿಸಿ ಬಾಯಿ ಒರೆಸುತ್ತಿದ್ದರು. ಕೆಮ್ಮು ನಿಂತಿತು. ಸ್ವಲ್ಪ ಹೊತ್ತಿಗೆ ಉಸಿರೂ ನಿಂತಿತು.

"ನಾನ ಕೊಂದ್ನಿ ನಮ್ಮಕ್ಕನ್ನ" ಎಂದು ಚಿಗವ್ವ ಹಣೆ ಹಣೆ ಬಡಿದುಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಮನೆಯವರೆಲ್ಲ ನೆರೆದಿದ್ದರು. ಸಿಸ್ಟರ್ ಅವಳ ಕೈ ಹಿಡಿದು ಚಮಚ ತೆಗೆದುಕೊಂಡರು. "ನಾನ ಹಾಕ್ರಿ ಅಂದಿದ್ದೆ. ಆಕಿದೇನೂ ತಪ್ಪಿಲ್ಲ. ಮುಂಜಾನಿಯಿಂದನ ಯಕ್ಕಾರ ಉಸಿರು ಬ್ಯಾರೆ ಆಗಿತ್ತು, ಇವತ್ತ ಹೋಗೂದಿತ್ತು."

ಕಾಕಾನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. "ಎಲ್ಲಾರಿಗೂ ಬ್ಯಾಡ ಅಂದಾಕಿ ತಾನ ಹಾಕಿಸಿ ಕುಂತ್ಳು" ಎಂದು ಓಣಿಯಲ್ಲೆಲ್ಲ ಹೇಳಿದ. ಆಮೇಲೆ ನಮ್ಮ ಓಣಿಯವರು ಯಾರೂ ಸಿಸ್ಟರನ್ನು ಕರೆಯಲಿಲ್ಲ. ಸಿಸ್ಟರೂ ತಮ್ಮ ಪರವಾಗಿ ಒಂದು ಮಾತೂ ಆಡಲಿಲ್ಲ. ಮಣ್ಣು ಮಾಡಿದ ಮೇಲೆ ಒಂದು ಮಧ್ಯಾಹ್ನ ಕರೆಯದೆಯೇ ಬಂದು, ಊಟ ಬಿಟ್ಟು ಕೂತಿದ್ದ ಚಿಗವ್ವನ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿ ಹೋದರು. ಕಾಕಾ ಹೊರಗಿನ ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತಿದ್ದ. ಆ ಸಂಜೆ ಚಿಗವ್ವ ಅರ್ಧ ರೊಟ್ಟಿ ತಿಂದಳು.

ಎಲ್ಲರನ್ನೂ ತಡೆದವರು ಅವಳೊಬ್ಬಳಿಗೆ ಹಾಕಿ ಎಂದಾರೆಯೇ? ಅವಳನ್ನು ಉಳಿಸಲು ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರೇ? ಅಥವಾ ದೂರದಿಂದ ಬಂದವಳ ಮುಖ ನೋಡಿ, ಇನ್ನು ಉಳಿದಿರುವುದೇ ಇಷ್ಟು ಎಂದು ತಿಳಿದು, ಹಾಕಿಸಿದರೇ? ಕೆಲವು ದಿನ ಇದನ್ನು ನಂಬುತ್ತೇನೆ, ಕೆಲವು ದಿನ ಅದನ್ನು. ಸಿಸ್ಟರನ್ನೇ ಕೇಳಬಹುದಿತ್ತು. ಘಟಪ್ರಭಾ ಸ್ಟೇಶನ್ನಿನಲ್ಲಿ ಎಷ್ಟೋ ಸಲ ಇಳಿದಿದ್ದೇನೆ, ಅವರ ಮನೆ ಅಲ್ಲಿಂದ ದೂರವಿರಲಿಲ್ಲ. ಮುಂದಿನ ಸಲ ಎಂದುಕೊಂಡೇ ಬಸ್ಸು ಹತ್ತಿದೆ.

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಅಂಕಲಗಿಯ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಯಾರೋ ಹೇಳಿದರು, ಅಷ್ಟೊತ್ತಿಗೆ ತಿಂಗಳಾಗಿತ್ತು. ಅವರ ತುಟಿಗೆ ಯಾರು ನೀರು ಹಚ್ಚಿದರೋ ಗೊತ್ತಿಲ್ಲ.

ಮೊನ್ನೆ ಹುಕ್ಕೇರಿಗೆ ಹೋದಾಗ ಚಿಗವ್ವ ತಲೆ ಬಾಚಿಕೊಳ್ಳುತ್ತಿದ್ದಳು. "ಚಿಗವ್ವ, ಅವತ್ತ ಸಿಸ್ಟರ್ ನಿನಗ ನೀರು ಹಾಕ್ರಿ ಅಂದಿದ್ರೇನ?" ಎಂದೆ. ಬಾಚಣಿಗೆ ಕೂದಲಲ್ಲೇ ನಿಂತಿತು. ಅದನ್ನು ಬಿಡಿಸಿ ಕೆಳಗಿಟ್ಟು, "ಬಾ, ನಿನ್ನ ತಲಿ ಎಷ್ಟ ಒಣಗೈತಿ, ಎಣ್ಣಿ ಹಚ್ಚತೇನಿ" ಎಂದಳು. ಅವಳ ಮುಂದೆ ಬೆನ್ನು ಹಾಕಿ ಕೂತೆ. ಅವಳು ಅಂಗೈ ಉಜ್ಜಿಕೊಳ್ಳುವ ಸದ್ದು ಕೇಳಿಸಿತು.

"ಅಂದಿದ್ರೇನ, ಚಿಗವ್ವ?"