ಪಿಯಾನೊಕ್ಕೆ ಹೊಲಿದ ಕೌದಿ

ನಮ್ಮ ಸ್ಟೇಶನ್ ಬಜಾರದ ಹಮಾಲ ಮಾಪಣ್ಣನಿಗೆ ತನ್ನ ಬೆನ್ನಿಗಿಂತ ಮೀಸೆಯ ಮೇಲೆ ಅಭಿಮಾನ ಹೆಚ್ಚು. ಆ ಮೀಸೆಯ ಕಥೆ ಇದು.

ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮರ ಆಳಿಕೆ ಹೋದ ಹೊಸತರಲ್ಲಿ ಸರಕಾರ ತನ್ನ ನೌಕರರನ್ನು ಒಂದು ಕಡೆ ಕೂರಲು ಬಿಡಲಿಲ್ಲ. ತಹಶೀಲ ಕಚೇರಿಯ ಪೇಶ್ಕಾರ ದೇವೀಂದ್ರಪ್ಪನವರನ್ನಂತೂ ಕಲಬುರ್ಗಿಯಿಂದ ಕಮಲಾಪುರಕ್ಕೆ, ಅಲ್ಲಿಂದ ನಮ್ಮೂರಿಗೆ, ವರ್ಷ ತುಂಬುವುದರೊಳಗೆ ಮತ್ತೆ ಕಮಲಾಪುರಕ್ಕೆ ಹಾಕಿದರು. ಅವರ ಸಾಮಾನು ಎರಡು ಟ್ರಂಕು ಮಾತ್ರ. ಫಜೀತಿಯೆಲ್ಲ ಹೆಂಡತಿ ವಿಮಲಾಬಾಯಿಯವರು ಸಿಕಂದರಾಬಾದಿನ ತವರಿನಿಂದ ತಂದ ಪಿಯಾನೊದ್ದು. ಎದೆಯೆತ್ತರದ ಆ ಬಾಜಾ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಅವರಿಗೆ ಅದೊಂದೇ ಜೊತೆ. ಹಿಂದೆ ಸಾಗಿಸಿದವರು ಅದರ ಮೈ ತುಂಬ ಗೀರು ಎಬ್ಬಿಸಿದ್ದರು.

"ಈ ಸಲ ನನ್ನ ಕೈಗೆ ಕೊಡ್ರಿ ಅವ್ವಾರ. ಹೊಸಾದು ಒಂದು ಗೀರು ಬಿತ್ತಂದ್ರ ಮೀಸಿ ಬೋಳಿಸ್ತೇನಿ," ಅಂದ ಮಾಪಣ್ಣ.

ಅವನ ಹೆಂಡತಿ ಬಂಡೆಮ್ಮ ಹಳೆ ಸೀರೆ, ಧೋತರ ಕೂಡಿಸಿ ಪಿಯಾನೊದ ಅಳತೆಗೆ ದಪ್ಪನೆಯ ಕೌದಿ ಹೊಲಿದಳು. ಕೌದಿಯ ಹೊಟ್ಟೆ ಹಸಿದಿರಬಾರದೆಂದು ಕೊನೆಯ ಮೂಲೆ ಮುಚ್ಚುವ ಮುನ್ನ ಒಂದು ಚೂರು ಹೋಳಿಗೆ ಒಳಗಿಡುವುದು ನಮ್ಮ ಕಡೆಯ ಹೆಂಗಸರ ಪದ್ಧತಿ. ದೊಡ್ಡವರ ಮನೆಯ ಸಾಮಾನೆಂದು ಬಂಡೆಮ್ಮ ನಾಲ್ಕೂ ಮೂಲೆಗೆ ಇಡಿ ಇಡೀ ಹೋಳಿಗೆ ಇಟ್ಟಳು, ಮೇಲೆ ತುಪ್ಪ ಬೇರೆ.

ಮಾಪಣ್ಣನ ಕೆಲಸಕ್ಕೆ ಮಾತ್ರ ಹೆಸರಿಡುವಂತಿರಲಿಲ್ಲ. ಬಂಡಿಯಲ್ಲಿ ಜೋಳದ ಕಣಕಿ ಹಾಸಿದ, ಪಿಯಾನೊವನ್ನು ಮಲಗಿಸದೆ ನಿಲ್ಲಿಸಿಯೇ ಕಟ್ಟಿದ, ಹಗ್ಗ ಕಟ್ಟಿಗೆಗೆ ತಾಗದಂತೆ ಕೌದಿಯ ಮೇಲೇ ಹಾಯಿಸಿದ. ಕಮಲಾಪುರದವರೆಗೂ ಪಕ್ಕದಲ್ಲೇ ನಡೆದು, ತಗ್ಗು ಬಂದಲ್ಲೆಲ್ಲ ಎತ್ತುಗಳಿಗೆ ಕೈ ಮುಗಿದ.

ಅಲ್ಲಿ ಮನೆಗೆ ಇನ್ನೂ ಸುಣ್ಣ ಆಗಿರಲಿಲ್ಲ. ಪಿಯಾನೊ ಹದಿನೈದು ದಿನ ಕೌದಿ ಹೊದ್ದೇ ಪಡಸಾಲೆಯಲ್ಲಿ ನಿಂತಿತು. ಬಿಚ್ಚುವ ದಿನ ಮಾಪಣ್ಣ ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದ. ಹೊಸ ಗೀರು ಒಂದೂ ಇಲ್ಲ! ವಿಮಲಾಬಾಯಿ ಕೂತು ಕೈಯಿಟ್ಟರು. ಟಕ್, ಟಕ್. ಅಷ್ಟೇ. ಮುಂದಿನ ಹಲಗೆ ತೆಗೆದರೆ ಒಳಗೆ ಇಲಿಗಳ ಸಂಸಾರ. ಕೌದಿಯೊಳಗಿನ ಹೋಳಿಗೆ ಮುಗಿಸಿ, ತಂತಿ ಬಡಿಯುವ ಸುತ್ತಿಗೆಗಳ ಮೇಲಿನ ಉಣ್ಣೆಯನ್ನೆಲ್ಲ ಕಿತ್ತು ಗೂಡು ಕಟ್ಟಿದ್ದವು. ವಿಮಲಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

"ಗೀರು ಬಿದ್ದಿಲ್ಲಲ್ಲೋ ಮಾಪಣ್ಣ, ನಿನ್ನ ಮೀಸಿ ಉಳೀತು," ಎಂದರು ದೇವೀಂದ್ರಪ್ಪ.

"ಮೀಸಿ ತೊಗೊಂಡು ಏನ್ ಮಾಡ್ಲಿರೀ, ಬಾಜಾದ ದನಿನೇ ಹೋತಲ್ರಿ," ಎಂದು ಮಾಪಣ್ಣ ಹೊರಗೆ ಹೋದ. ತಿರುಗಿ ಬಂದಾಗ ಮೀಸೆ ಇರಲಿಲ್ಲ.

ಆ ಬೋಳು ಮುಖ ನೋಡಿ ವಿಮಲಾಬಾಯಿಯವರಿಗೆ ಅಳುವಿನ ನಡುವೆಯೇ ನಗು ಬಂತು. ಎದ್ದು ಟ್ರಂಕು ತೆರೆದು, ಗಂಡ ನಿಜಾಮರ ಕಾಲದಲ್ಲಿ ಕಚೇರಿಗೆ ಹಾಕುತ್ತಿದ್ದ ಗೊಂಡೆಯ ನಾಲ್ಕು ಕೆಂಪು ರೂಮಿ ಟೋಪಿ ತೆಗೆದರು. ಒತ್ತಿ ಮಾಡಿದ ಉಣ್ಣೆಯ ಗಟ್ಟಿ ಮಾಲು.

"ಏ, ಅವು ನನ್ನ ನೌಕರಿ ಟೋಪಿ!"

"ಆ ನೌಕರಿ ಈಗ ಎಲ್ಲೈತ್ರಿ?" ಎಂದು ವಿಮಲಾಬಾಯಿ ಕತ್ತರಿ ಹಾಕಿದರು. ಮಾಪಣ್ಣ ವಾರವಿಡೀ ಕೂತು ಸುತ್ತಿಗೆಗಳಿಗೆ ಒಂದೊಂದೇ ಚೂರು ಅಂಟಿಸಿದ. ಪಿಯಾನೊ ನೆಗಡಿಯಾದವರಂತೆ ಹಾಡಿತು. ವಿಮಲಾಬಾಯಿಗೆ ಅಷ್ಟೇ ಸಾಕಾಗಿತ್ತು.

ಎಂಟು ತಿಂಗಳಿಗೆ ಮತ್ತೆ ವರ್ಗವಾಯಿತು. ಸ್ಟೇಶನ್ ಬಜಾರಕ್ಕೆ ವಿಮಲಾಬಾಯಿಯವರ ಚೀಟಿ ಬಂತು: "ಮೀಸೆಯಿಲ್ಲದ ಹಮಾಲನನ್ನೇ ಕಳಿಸಿರಿ, ಬೇರೆ ಯಾರಿಗೂ ಬಾಜಾ ಮುಟ್ಟಗೊಡುವುದಿಲ್ಲ. ಕೌದಿ ತರಲಿ. ಹೋಳಿಗೆ ಬೇರೆ ಗಂಟು ಕಟ್ಟಿ ತರಲಿ, ನಾವೇ ತಿನ್ನುತ್ತೇವೆ."

ಅಷ್ಟರಲ್ಲಿ ಮೀಸೆ ಮೊದಲಿನಷ್ಟೇ ಬೆಳೆದಿತ್ತು. ಚೀಟಿ ಓದಿಸಿ ಕೇಳಿದ ಮಾಪಣ್ಣ ಬಂಡಿ ಹೂಡುವ ಮೊದಲು ಕ್ಷೌರದ ಅಂಗಡಿಗೆ ಹೋದ.